ಕುದುರೆ ಕಾಲಿಂದ ಎತ್ತಿನ ಕಾಲಿಗೆ ಬಂದ ಲಾಳ

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

"ಕುದುರೆ ಕಂಡರೆ ಕಾಲು ನೋವು" ಅಂತ ಗಾದೆ ಇದೆಯಲ್ಲ, ಅದರಲ್ಲಿ ನೋಯೋದು ಮನುಷ್ಯನ ಕಾಲು. ಕುದುರೆ ಕಾಲು ನೋವಿಗೆ ಯಾರೂ ಗಾದೆ ಕಟ್ಟಿಲ್ಲ. ಆದರೆ ನಮ್ಮ ನಾಲ್ಕು ತಾಲೂಕಿನ ಚರಿತ್ರೆ ನಡೆದಿದ್ದೇ ಆ ಕಾಲಿನ ಮೇಲೆ.

1687ರಲ್ಲಿ ಮೊಗಲರು ಈ ಸೀಮೆ ಹಿಡಿದು ಶಿರಾವನ್ನು ಸುಬಾ ಕೇಂದ್ರ ಮಾಡಿಕೊಂಡರು. ಮೊದಲ ಅಧಿಕಾರಿ ಖಾಸಿಂ ಖಾನ್. ಬಸವಾಪಟ್ಟಣ, ಬೂದಿಹಾಳ್, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಅಂತ ಏಳು ಪರಗಣ ಶಿರಾಕ್ಕೆ ಸೇರಿದ್ದವು. 1757ರಲ್ಲಿ ಮರಾಠರು ಬಂದರು, 1761ರಲ್ಲಿ ಹೈದರಾಲಿ ಬಂದ. 1767ರ ದಂಡಯಾತ್ರೆಯಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಕೋಟೆಯನ್ನೂ ಹಿಡಿದು, ಅಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿಯನ್ನು ಬಿಡಿಸಿದ. ಇವರೆಲ್ಲರ ಬಲ ಕುದುರೆ ದಂಡು. ಮಧುಗಿರಿ, ಪಾವಗಡದ ಬೆಟ್ಟ ಕುದುರೆ ಹತ್ತಲಾರದು, ಆದರೆ ಕೆಳಗಿನ ಬಯಲು ಯಾರ ಕುದುರೆ ಕೈಲಿರುತ್ತೋ ಮೇಲಿನ ಕೋಟೆಗೆ ಕಾಳು ಕಡ್ಡಿ ಹೋಗೋದು ಅವರ ಮರ್ಜಿಯಲ್ಲಿ. ನಮ್ಮ ನೆಲ ನಿಮಗೆ ಗೊತ್ತೇ ಇದೆ. ಗರಸು, ನೊರಜುಗಲ್ಲು, ಬೇಸಿಗೆಯಲ್ಲಿ ಕಾದ ಬಂಡೆ. ಇದರ ಮೇಲೆ ಗೊರಸು ತಡೆಯಬೇಕು.

ಕುದುರೆ ಕಾಲಿನ ರಚನೆ ವಿಚಿತ್ರ. ಅದು ಒಂದೊಂದು ಕಾಲಲ್ಲೂ ಒಂದೇ ಬೆರಳಿನ ಮೇಲೆ ನಿಂತಿರುತ್ತೆ. ಗೊರಸು ಅಂದರೆ ಆ ಬೆರಳಿನ ಉಗುರು. ಮುಂಗಾಲಲ್ಲಿ ನಾವು ಮಂಡಿ ಅನ್ನೋದು ನಿಜವಾಗಿ ನಮ್ಮ ಮಣಿಕಟ್ಟಿನ ಜಾಗ. ಅದರಿಂದ ಕೆಳಗೆ ಮಾಂಸಖಂಡ ಇಲ್ಲ ಅಂದರೂ ಸರಿ, ಬರೀ ಮೂಳೆ ಮತ್ತು ನರದ ಹುರಿ. ಮೈ ಭಾರದ ನೂರರಲ್ಲಿ 60 ಪಾಲು ಮುಂಗಾಲಿಗೇ ಬೀಳುತ್ತೆ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಒಂದಿದೆ, ಹೆಜ್ಜೆ ಹಾಕಿದಾಗ ಅದು ಅದುಮಿಕೊಂಡು ಏಟು ತಡೆಯುತ್ತೆ. ಗೊರಸು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಅದಕ್ಕೇ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಹೊಡೆಯಬೇಕು. ಹೊರಗಿನ ಗೋಡೆಗೆ ನೋವಿಲ್ಲ, ನಮ್ಮ ಉಗುರಿನ ತುದಿ ಹಾಗೆ. ಮೊಳೆ ಒಂದು ಎಳೆ ಒಳಕ್ಕೆ ಹೋದರೆ ಮಾತ್ರ ಜೀವಂತ ಭಾಗಕ್ಕೆ ತಾಗಿ ಕುದುರೆ ಕುಂಟುತ್ತೆ. ಇಡೀ ಕಸುಬು ಇರೋದು ಆ ಒಂದು ಎಳೆಯಲ್ಲಿ.

ಈ ಕಸುಬಿನ ಬೆಲೆ ಎಷ್ಟು ಅಂತ ತಿಳಿಯೋಕೆ ಮಾರ್ಕೊ ಪೋಲೊ ಬರೆದಿಟ್ಟ ಒಂದು ಮಾತು ಸಾಕು. 1290ರ ದಶಕದಲ್ಲಿ ಆತ ತಮಿಳು ಕರಾವಳಿಗೆ ಬಂದಿದ್ದ. ಅಲ್ಲಿನ ರಾಜರು ವರ್ಷ ವರ್ಷ ಸಮುದ್ರದ ಮೇಲಿಂದ ಸಾವಿರಾರು ಕುದುರೆ ಕೊಳ್ಳೋರು, ಆರೈಕೆ ಗೊತ್ತಿಲ್ಲದೆ ವರ್ಷದೊಳಗೆ ಬಹಳಷ್ಟು ಸಾಯೋವು. ಲಾಳ ಕಟ್ಟುವವರು ಆ ನಾಡಲ್ಲಿ ಇರಲಿಲ್ಲ. ಮಾರುವ ವ್ಯಾಪಾರಿಗಳು ಅಂಥವರನ್ನು ಕರೆತರೋದಿರಲಿ, ಹೋಗೋರನ್ನೂ ತಡೆಯೋರಂತೆ. ಕುದುರೆ ಬದುಕಿದರೆ ಮುಂದಿನ ವರ್ಷ ಯಾರು ಕೊಳ್ಳುತ್ತಾರೆ? ಪ್ರಾಣಿ ಮಾರಿದರು, ಅದನ್ನು ಉಳಿಸೋ ವಿದ್ಯೆ ಮಾರಲಿಲ್ಲ. ಬಿತ್ತನೆ ಬೀಜ ಪ್ರತಿ ವರ್ಷ ಅಂಗಡಿಯಿಂದಲೇ ತರೋ ನಮಗೆ ಇದು ಬೇಗ ಅರ್ಥವಾಗುತ್ತೆ.

ನಮ್ಮ ಕಡೆಗೆ ಆ ವಿದ್ಯೆ ದಂಡಿನ ಜೊತೆ ಬಂತು. ಉರ್ದುವಿನಲ್ಲಿ ಲಾಳಕ್ಕೆ ನಾಲ್, ಕಟ್ಟುವವನು ನಾಲಬಂದ್. ಉತ್ತರ ಕರ್ನಾಟಕದಲ್ಲಿ ಅದು ಈಗಲೂ ಮನೆತನದ ಹೆಸರು. ಆಗಿನ ಸವಾರರಲ್ಲಿ ಎರಡು ತರ. ಸರ್ಕಾರದ ಕುದುರೆ ಹತ್ತುವವನು ಬಾರ್ಗೀರ. ತನ್ನ ಸ್ವಂತ ಕುದುರೆ ತಂದು ಸಂಬಳಕ್ಕೆ ನಿಲ್ಲುವವನು ಸಿಲ್ಲೇದಾರ. ಕುದುರೆ ಕುಂಟಿದರೆ ಸಿಲ್ಲೇದಾರನ ಬಂಡವಾಳವೇ ಹೋಯ್ತು. ಸಂಜೆ ಕುದುರೆ ಕಾಲು ಮುಟ್ಟಿ ಬಿಸಿ ಇದೆಯಾ, ಊತ ಇದೆಯಾ ಅಂತ ನೋಡದೆ ಅವನು ಮಲಗೋ ಹಾಗಿರಲಿಲ್ಲ. ಸ್ವಂತ ಜೋಡಿ ಕಟ್ಟಿದ ರೈತನ ಪಾಡೂ ಅದೇ.

ಟಿಪ್ಪು ಕಾಲದಲ್ಲಿ ದಂಡಿನ ಕುದುರೆಗೆ ಅಂತ ನಮ್ಮ ಜಿಲ್ಲೆಯ ಕುಣಿಗಲ್‌ನಲ್ಲೇ ಫಾರಂ ಆಯ್ತು. ಆಮೇಲೆ ಅದು ರೇಸ್ ಕುದುರೆ ಬೆಳೆಸೋ ಜಾಗವಾಯ್ತು. ಬಯಲಲ್ಲಿ ದಂಡಿನ ಕಾಲ ಮುಗಿದ ಮೇಲೆ ಲಾಳದ ಸುತ್ತಿಗೆಗೆ ಕೆಲಸ ಉಳಿದದ್ದು ಜಟಕಾ ಕುದುರೆ ಮತ್ತು ಗಾಡಿ ಎತ್ತಿನಿಂದ. ಕುದುರೆಗೆ ಕಾಲಿಗೊಂದು ಲಾಳ, ಒಟ್ಟು 4. ಎತ್ತಿನ ಗೊರಸು ಸೀಳಿರೋದರಿಂದ ಕಾಲಿಗೆ 2, ಒಟ್ಟು 8. ಕುದುರೆ ನಿಂತೇ ಕಾಲು ಕೊಡುತ್ತೆ. ಎತ್ತು ಮೂರು ಕಾಲ ಮೇಲೆ ನಿಲ್ಲೋಕೆ ಒಪ್ಪಲ್ಲ, ಹಗ್ಗ ಹಾಕಿ ಕೆಡವಿ ನಾಲ್ಕೂ ಕಾಲು ಕಟ್ಟಬೇಕು. ಕೊರಟಗೆರೆ ತಾಲೂಕಿನ ಕ್ಯಾಮೇನಹಳ್ಳಿ ದನದ ಜಾತ್ರೆಗೆ ನಾವು ಹುಡುಗರಾಗಿ ಹೋದಾಗ ಹಳ್ಳಿಕಾರ್ ಜೋಡಿಗಳನ್ನು ಸಾಲಾಗಿ ಕೆಡವಿರೋರು. ಟಕ್ ಟಕ್ ಅನ್ನೋ ಸದ್ದಲ್ಲೇ ಯಾರ ಕೈ ಹದವಾಗಿದೆ ಅಂತ ದೊಡ್ಡೋರು ಹೇಳೋರು.

ಈಗ ಟ್ರಾಕ್ಟರ್ ಬಂತು, ಕಸುಬಿನವರ ಮಕ್ಕಳು ಬೇರೆ ಕೆಲಸ ಹಿಡಿದರು. ಅವರನ್ನು ದೂರೋ ಹಾಗಿಲ್ಲ, ವರ್ಷಕ್ಕೆ ನಾಲ್ಕು ಜೋಡಿ ಸಿಕ್ಕರೆ ಹೊಟ್ಟೆ ತುಂಬಲ್ಲ. ಆದರೆ ಎತ್ತು ಇಟ್ಟಿರೋರು ಇನ್ನೂ ಇದ್ದೀವಿ. ಟಾರು ರಸ್ತೆ ಮೇಲೆ ಬರಿಗಾಲಲ್ಲಿ ಗಾಡಿ ಎಳೆದ ಎತ್ತಿನ ಗೊರಸು ಸವೆದು, ಕುಂಟಿ, ಕೊನೆಗೆ ಕಡಿಮೆ ರೇಟಿಗೆ ಹೋಗುತ್ತೆ. ಸಿಮೆಂಟ್ ನೆಲದ ಮೇಲೆ ಕಟ್ಟಿದ ಸೀಮೆಹಸುವಿನ ಗೊರಸು ಸವೆಯದೆ ಉದ್ದ ಬೆಳೆದು ಸೊಟ್ಟಗಾಗುತ್ತೆ, ಹಾಲು ಇಳಿಯುತ್ತೆ. ಎರಡಕ್ಕೂ ಬೇಕಾದ್ದು ಗೊರಸು ಕೆತ್ತೋಕೆ ಬರೋ ಅದೇ ಕೈ.

ಅದಕ್ಕೆ ನಾವು ಮಾಡಬಹುದಾದ್ದು ಇಷ್ಟು. ದಿನಾ ಸಂಜೆ ದನದ ಕಾಲು ತೊಳೆದು, ಗೊರಸಿನ ಸಂದಿಯಲ್ಲಿ ಕಲ್ಲು, ಮುಳ್ಳು, ಹುಣ್ಣು ಇದೆಯಾ ನೋಡಿ. ವರ್ಷಕ್ಕೆ ಎರಡು ಸಲ ಗೊರಸು ಕೆತ್ತಿಸಿ. ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ಲಾಳ ಕಟ್ಟೋ ಹಿರಿಯರು ಸಿಕ್ಕರೆ ಊರಿನ ಒಂದಿಬ್ಬರು ಹುಡುಗರನ್ನು ಹಗ್ಗ ಹಿಡಿಯೋಕೆ ಕಳಿಸಿ, ಹಗ್ಗ ಹಿಡಿದವನೇ ನಾಳೆ ಸುತ್ತಿಗೆ ಹಿಡಿಯೋದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಈಗಲೂ ಲಾಳ ಕಟ್ಟೋರು ನಿಮಗೆ ಗೊತ್ತಿದ್ದರೆ, ಅವರು ಯಾವ ಸಂತೆಗೆ, ಯಾವ ವಾರ ಬರುತ್ತಾರೆ ಅಂತ ಕೆಳಗೆ ಬರೆಯಿರಿ. ಜೋಡಿ ಇರೋ ನಾಲ್ಕು ಜನ ಒಂದೇ ದಿನ ಹೋದರೆ ಅವರಿಗೂ ಒಂದು ದಿನದ ದುಡಿಮೆ ಗಿಟ್ಟುತ್ತೆ.