ಉಗುರಿನ ಶಿಲೀಂಧ್ರ ಸೋಂಕು: ಔಷಧ ನಡುವೆಯೇ ನಿಲ್ಲುವುದೇಕೆ?

ಉಗುರು ಹಳದಿಗಟ್ಟಿ, ದಪ್ಪವಾಗಿ, ಅಂಚಿನಿಂದ ಪುಡಿಪುಡಿಯಾಗಿ ಉದುರುವ ಈ ಕಾಯಿಲೆಗೆ ಬಹುಮಟ್ಟಿಗೆ ಕಾರಣವಾಗುವುದು ಟ್ರೈಕೊಫೈಟಾನ್ ರುಬ್ರಮ್ ಎಂಬ ಶಿಲೀಂಧ್ರ. ಕಾಲ್ಬೆರಳ ಸಂದಿನಲ್ಲಿ ತುರಿಕೆಯಾಗಿ ನೆಲೆಸಿದ ಸೋಂಕು ಅಲ್ಲಿಂದ ಉಗುರಿನಡಿಗೆ ಹಬ್ಬುವುದೇ ಹೆಚ್ಚು. ಬೆರಳು ಊದಿ ಕೀವಾಗುವ ಉಗುರುಸುತ್ತು ಬೇರೆಯೇ ವ್ಯಾಧಿ. ಪೆಟ್ಟಿನಿಂದಲೂ ಸೋರಿಯಾಸಿಸ್‌ನಿಂದಲೂ ಉಗುರು ಇದೇ ರೂಪ ತಾಳಬಹುದಾದುದರಿಂದ, ಅದರ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ಗುಳಿಗೆ ಆರಂಭಿಸುವುದು ಯುಕ್ತ.

ವಯಸ್ಕರಿಗೆ ಸಾಮಾನ್ಯವಾಗಿ ಟರ್ಬಿನಫಿನ್ 250 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೊಂದರಂತೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ತೊಡಕು ಇರುವುದು ಇಲ್ಲಿಯೇ. ತಿಂಗಳು ಕಳೆದರೂ ಉಗುರು ಮೊದಲಿನಂತೆಯೇ ಕಾಣುತ್ತದೆ. ಔಷಧ ಫಲಿಸಲಿಲ್ಲವೆಂದು ರೋಗಿ ಕೈಬಿಡುತ್ತಾನೆ. ಕೆಟ್ಟ ಉಗುರು ಎಂದಿಗೂ ಒಳ್ಳೆಯದಾಗಿ ಮಾರ್ಪಡುವುದಿಲ್ಲ. ಬುಡದಿಂದ ಹೊಸತು ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟೂ ಬೆಳೆಯದು. ಹೆಬ್ಬೆರಳಿನ ಉಗುರು ಪೂರ್ಣವಾಗಿ ಬದಲಾಗಲು 12ರಿಂದ 18 ತಿಂಗಳು ಬೇಕು. ಆದ್ದರಿಂದ ನೋಡಬೇಕಾದುದು ತುದಿಯನ್ನಲ್ಲ, ಬುಡವನ್ನು. ಅಲ್ಲಿ ತಿಳಿಯಾದ ಪಟ್ಟಿಯೊಂದು ಮೂಡಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ಗುಳಿಗೆ ಮುಗಿದ ಮೇಲೂ ಅದರ ಅಂಶ ಉಗುರಿನಲ್ಲಿ ಹಲವು ತಿಂಗಳು ಉಳಿದಿರುತ್ತದೆ.

ಇಟ್ರಾಕೊನಜೋಲ್ ಔಷಧವನ್ನು ಒಂದು ವಾರ ಸೇವಿಸಿ ಮೂರು ವಾರ ಬಿಡುವ ಕ್ರಮವೂ ಉಂಟು. ಆ ಬಿಡುವನ್ನೇ ಚಿಕಿತ್ಸೆಯ ಮುಕ್ತಾಯವೆಂದು ಭಾವಿಸುವವರು ಕಡಿಮೆಯಲ್ಲ. ಕಾಸರಗೋಡಿನಂತಹ ಕಡೆ ವೈದ್ಯರು ಮಲಯಾಳದಲ್ಲಿ ಹೇಳಿ, ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದಾಗ, ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಈ ಗೊಂದಲ ಇಮ್ಮಡಿಯಾಗುತ್ತದೆ. ಆರಂಭದ ದಿನ, ಬಿಡುವಿನ ವಾರಗಳು, ಮರುಭೇಟಿಯ ದಿನಾಂಕ ಇವಿಷ್ಟನ್ನು ವೈದ್ಯರಿಂದಲೇ ಕೇಳಿ ತಿಳಿದು, ಶಾಲೆಗೆ ಹೋಗುವ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಗುರುತಿಸಿಟ್ಟರೆ ಸಾಕು. ಹಚ್ಚುವ ಲ್ಯಾಕರಿಗಂತೂ ಕಾಲುಗುರಿನಲ್ಲಿ ವರ್ಷದಷ್ಟು ತಾಳ್ಮೆ ಬೇಕು.

ಎಲ್ಲ ನಿಲುಗಡೆಯೂ ತಪ್ಪಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ನಾಲಿಗೆಗೆ ರುಚಿ ತಪ್ಪಿದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಯಕೃತ್ತಿನ ತೊಂದರೆಯುಳ್ಳವರು ಅದನ್ನು ಮೊದಲೇ ತಿಳಿಸಬೇಕು. ಹೃದಯ ವೈಫಲ್ಯವುಳ್ಳವರಿಗೆ ಇಟ್ರಾಕೊನಜೋಲ್ ಸಲ್ಲದು. ಇತರ ಮಾತ್ರೆಗಳನ್ನು ಸೇವಿಸುತ್ತಿರುವವರು ಅವೆಲ್ಲವನ್ನೂ ಕೊಂಡೊಯ್ದು ತೋರಿಸಬೇಕು. ಸಕ್ಕರೆ ಕಾಯಿಲೆಯವರು ದಪ್ಪಗಟ್ಟಿದ ಉಗುರನ್ನು ತಾವೇ ಬ್ಲೇಡಿನಿಂದ ಕೆತ್ತಬಾರದು. ಆ ಸಣ್ಣ ಗಾಯವೇ ಪಾದದ ಹುಣ್ಣಾಗಬಲ್ಲುದು.