ರಾಯಚೂರು: ಹೆಸರಿನೊಳಗೆ ಉಳಿದ ಹಳೆಯ ‘ರಾಚ’

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶಕ್ಕಾಗಿ ವಿಜಯನಗರದ ಅರಸರೂ ಬಹಮನಿ ಮತ್ತು ಆದಿಲ್‌ಶಾಹಿ ಸುಲ್ತಾನರೂ ಎರಡು ಶತಮಾನ ಕಾದಾಡಿದರು. ಆ ಪ್ರದೇಶದ ಪ್ರಮುಖ ಕೋಟೆಯ ನಗರ ರಾಯಚೂರು. ಒಡೆಯರು ಬದಲಾದಂತೆ ಈ ಊರಿನ ಹೆಸರಿನ ಉಚ್ಚಾರಣೆ ಮತ್ತು ಬರವಣಿಗೆಯೂ ಬದಲಾಗುತ್ತ ಬಂದಿವೆ. ಆದರೆ ಅದರ ತಿರುಳು ಮಾತ್ರ ಹಾಗೆಯೇ ಉಳಿದಿದೆ.

ರಾಜನಿಂದ ರಾಚನವರೆಗೆ

‘ರಾಯಚೂರು’ ಎಂದರೆ ರಾಯನ ಊರು ಎಂಬುದು ಜನಜನಿತ ವಿವರಣೆ. ಇದರಲ್ಲೊಂದು ತೊಡಕಿದೆ. ‘ರಾಯ’ ಮತ್ತು ‘ಊರು’ ಸೇರಿದರೆ ‘ರಾಯೂರು’ ಆಗಬೇಕಿತ್ತು. ನಡುವಿನ ಚಕಾರ ಎಲ್ಲಿಂದ ಬಂತು? ತೆಲುಗಿನಲ್ಲಿ ‘ರಾಯಿ’ ಎಂದರೆ ಕಲ್ಲು. ಬಂಡೆಗಲ್ಲಿನ ಗುಡ್ಡಗಳ ಈ ಊರಿಗೆ ಆ ಅರ್ಥ ಒಪ್ಪುವಂತೆ ಕಂಡರೂ, ಅದರಿಂದಲೂ ಚಕಾರಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರವಿರುವುದು ‘ರಾಚ’ ಎಂಬ ಪದದಲ್ಲಿ. ಸಂಸ್ಕೃತದ ‘ರಾಜ’ ಹಳಗನ್ನಡದಲ್ಲಿ ‘ರಾಚ’ ಎಂದೂ ರೂಪಾಂತರ ಹೊಂದಿತ್ತು. ಗಂಗ ವಂಶದ ಅರಸರ ‘ರಾಚಮಲ್ಲ’ ಎಂಬ ಹೆಸರು ಇದಕ್ಕೆ ನಿದರ್ಶನ. ಹೀಗೆ ‘ರಾಚವೂರು’, ಅಂದರೆ ಅರಸನ ಊರು, ಮೊದಲು ‘ರಾಚೂರು’ ಆಗಿ, ಅನಂತರ ಯಕಾರ ಸೇರಿ ‘ರಾಯಚೂರು’ ಆಯಿತೆಂಬ ವಿವರಣೆ ಭಾಷಾದೃಷ್ಟಿಯಿಂದ ಹೆಚ್ಚು ಸಮಂಜಸವಾಗಿದೆ. ‘ರಾಯ’ ಪದವೂ ‘ರಾಜ’ದಿಂದಲೇ ಬಂದುದರಿಂದ ಈ ಬದಲಾವಣೆಯಲ್ಲಿ ಅರ್ಥ ಕೆಡಲಿಲ್ಲ.

ಕಲ್ಲಿನ ಕೋಟೆ, ಹಲವು ನಾಲಿಗೆ

ಇಲ್ಲಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಆ ಬೃಹತ್ ಕಲ್ಲನ್ನು ಬಂಡಿಯಲ್ಲಿ ಕೋಣಗಳಿಂದ ಎಳೆಸಿ ತಂದ ದೃಶ್ಯವನ್ನೂ ಗೋಡೆಯಲ್ಲಿ ಕೊರೆಯಲಾಗಿದೆ. ಬಹಮನಿ ಮತ್ತು ಆದಿಲ್‌ಶಾಹಿ ಆಳ್ವಿಕೆಗಳಲ್ಲಿ ಇದೇ ಕೋಟೆಗೆ ಪರ್ಷಿಯನ್ ಬರಹಗಳು ಸೇರಿದವು.

1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನಿಂದ ಕೋಟೆಯನ್ನು ಗೆದ್ದುಕೊಂಡನು. ಈ ಯುದ್ಧವನ್ನು ವಿವರಿಸಿದ ಪೋರ್ಚುಗೀಸ್ ವರ್ತಕ ಫೆರ್ನಾವೋ ನುನಿಜ್ ಊರನ್ನು ‘ರಾಚೋಲ್’ ಎಂದು ಬರೆದಿದ್ದಾನೆ. ಪರದೇಶಿಯ ಆ ಬರಹದಲ್ಲಿ ಯಕಾರವಿಲ್ಲ, ‘ರಾಚ’ ಇದೆ ಎಂಬುದು ಗಮನಾರ್ಹ.

ಮುಂದೆ ನಿಜಾಮರ ಆಡಳಿತದಲ್ಲಿ ಉರ್ದು ‘ರಾಯಚೂರ್’ ರೂಢಿಗೆ ಬಂತು. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು ಇಲ್ಲಿ ಕೂಡಿದ ಬಳಿಕ ಇಂಗ್ಲಿಷಿನ ‘ರೈಚೂರ್’ ರೂಪ ದೂರದೂರಕ್ಕೆ ಪರಿಚಿತವಾಯಿತು.

ದೇವದುರ್ಗ ಮತ್ತು ಮಾನ್ವಿ

ದೇವದುರ್ಗದ ಹೆಸರು ಪಾರದರ್ಶಕ. ದುರ್ಗವೆಂದರೆ ಸುಲಭವಾಗಿ ತಲುಪಲಾಗದ ನೆಲೆ, ಕೋಟೆ. ಬೇಡ ನಾಯಕರ ಬಲಿಷ್ಠ ನೆಲೆಯಾಗಿದ್ದ ಈ ಊರು ನಿಜಾಮರ ಕಾಲದ ದಾಖಲೆಗಳಲ್ಲಿ ‘ದೇವ್‌ದುರ್ಗ್’, ‘ದೇವೊದುರ್ಗ್’ ಎಂದಾಗಿತ್ತು. ಇದೇ ತಾಲ್ಲೂಕಿನ ಗಬ್ಬೂರಿಗೆ ಗೋಪುರಗ್ರಾಮವೆಂಬ ಹಿಂದಿನ ಹೆಸರಿದೆ. ದೇಗುಲಗಳ ಆ ಊರಿಗೆ ಅದು ಅನ್ವರ್ಥ.

ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರ (1728–1809) ನೆಲೆಯಾದ ಊರನ್ನು ‘ಮಾನವಿ’ ಎಂದೂ ‘ಮಾನ್ವಿ’ ಎಂದೂ ಬರೆಯುತ್ತಾರೆ. ಪದದ ನಡುವಿನ ಸ್ವರವನ್ನು ನುಂಗುವುದು ಈ ಭಾಗದ ಆಡುಮಾತಿನ ಸ್ವಭಾವ. ಉಚ್ಚಾರಣೆಯ ಸಾಮ್ಯವೊಂದನ್ನೇ ನೆಚ್ಚಿ ಇದನ್ನು ‘ಮಾನವ’ ಪದಕ್ಕೆ ಜೋಡಿಸುವುದು ಸರಿಯಲ್ಲ.

ಆಜ್ಞೆಯೂ ರೂಢಿಯೂ

ನೆರೆಯ ಆದೋನಿಗೆ ಮೊಗಲರು ‘ಇಮ್ತಿಯಾಜ್‌ಗಢ’ವೆಂದು ಹೆಸರಿಟ್ಟರು, ಉಳಿದದ್ದು ಆದೋನಿಯೇ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಮರಳಿದಾಗ ಕಲಬುರಗಿ, ಬಳ್ಳಾರಿಗಳು ಪಟ್ಟಿಯಲ್ಲಿದ್ದವು, ರಾಯಚೂರು ಇರಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಆದರೂ ಇಂಗ್ಲಿಷ್ ಫಲಕಗಳಲ್ಲಿ ರಾಯಚೂರು ಇನ್ನೂ ರೈಲಿನ ಕಾಲದ ರೂಪದಲ್ಲೇ ಇದೆ.

ಹೆಸರನ್ನು ತಿದ್ದಲು ಹೊರಟವರು ‘ಊರು’ ಎಂಬ ಕೊನೆಯ ಉಕಾರವನ್ನು ಮರಳಿಸಬಹುದು. ಆದರೆ ಒಳಗಿರುವ ಚಕಾರವನ್ನು ಅನಗತ್ಯವೆಂದು ಬಗೆಯಬಾರದು. ಈ ಊರಿನ ಕನ್ನಡ ಚರಿತ್ರೆಯ ಹಳೆಯ ಗುರುತು ಆ ಒಂದು ಅಕ್ಷರದಲ್ಲಿದೆ.