ಕಯಾಕ್ ಪ್ಯಾಡಲ್ ಆರಿಸೋದು ಹೇಗೆ? ಭುಜ ನೋಯದಿರಲು ಇಷ್ಟು ನೋಡಿ

ಸಾಲಿಗ್ರಾಮದ ಹಿನ್ನೀರಲ್ಲಿ ಕಯಾಕಿಂಗ್ ಮಾಡಿ ಬಂದು ಭುಜ ಹಿಡ್ಕೊಂಡಿದೆಯಾ? ಪ್ಯಾಡಲ್ ನಿಮ್ಮ ಅಳತೆಗೆ ಸರಿ ಇರಲಿಕ್ಕಿಲ್ಲ. ಕೊಳ್ಳುವಾಗ, ಬಾಡಿಗೆಗೆ ಪಡೆಯುವಾಗ ಗಮನಿಸಿ.

ಉದ್ದ: ಕಯಾಕ್ ಅಗಲ 60 ಸೆಂ.ಮೀ. ಒಳಗಿದ್ದರೆ ಸಾಮಾನ್ಯವಾಗಿ 210–220 ಸೆಂ.ಮೀ., 70–80 ಸೆಂ.ಮೀ. ಇದ್ದರೆ 230–240 ಸೆಂ.ಮೀ. ಎತ್ತರದವರಿಗೆ ಸ್ವಲ್ಪ ಉದ್ದದ್ದು ಬೇಕು. ಗಿಡ್ಡವಾದರೆ ಕೈಗೆಣ್ಣು ಅಂಚಿಗೆ ತಾಗುತ್ತೆ.

ತೂಕ: ಅಲ್ಯೂಮಿನಿಯಂ ಅಗ್ಗ, ಆದರೆ ಭಾರ. ಫೈಬರ್‌ಗ್ಲಾಸ್ ಹಗುರ, ಕಾರ್ಬನ್ ಇನ್ನೂ ಹಗುರ, ದುಬಾರಿ. ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಎತ್ತಬೇಕಾದಾಗ 200 ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತೆ.

ಅಲಗು: ನಿಧಾನವಾಗಿ ಸುತ್ತಾಡುವವರಿಗೆ ಕಿರಿದಾದ, ಉದ್ದನೆಯ ಅಲಗು ಹಿತ. ಅಗಲದ್ದು ವೇಗ ಕೊಡುತ್ತೆ, ಭುಜವನ್ನೂ ದಣಿಸುತ್ತೆ.

ಹಿಡಿತ: ಪ್ಯಾಡಲನ್ನು ತಲೆ ಮೇಲಿಟ್ಟಾಗ ಮೊಣಕೈ 90 ಡಿಗ್ರಿ ಮಡಚಿರಬೇಕು. ಅಲಗಿನ ಒಳಬಾಗಿದ ಮುಖ ನಿಮ್ಮ ಕಡೆಗಿರಲಿ.

ಇಳಿತದ ಹೊತ್ತಲ್ಲಿ ಸೆಳೆತಕ್ಕೆದುರಾಗಿ ದಡಕ್ಕೆ ಮರಳುವಾಗ ಸರಿಯಾದ ಪ್ಯಾಡಲ್‌ನ ಬೆಲೆ ಗೊತ್ತಾಗುತ್ತೆ.